ಬುಗುರಿ ನಿಂತಿದ್ದಳು

ಜೂನ್ ೪

ನಾಯಿ ಮೇಷ್ಟ್ರಿಗೆ ಮೈಕಕ್ಕನ ನಮಸ್ಕಾರ.

ನಿಮ್ಮ ಕೇಂದ್ರದಲ್ಲಿ ಪಳಗಿಸಿ ಕೊಟ್ಟ ಬುಗುರಿ ಕ್ಷೇಮ, ನಾನೂ ಕ್ಷೇಮ. ಮನೆಯಲ್ಲಿ ಈಗ ಇದೇ ಕ್ರಮ. ನಮ್ಮ ಯಜಮಾನರು ಬಸ್ ಡಿಪೋದಿಂದ ಬಂದವರೇ ಗ್ರೀಸಿನ ಕೈಯಲ್ಲೇ ಅವಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. "ಏನಮ್ಮಾ, ಊಟ ಆಯ್ತಾ? ನಿಮ್ಮ ಲೀಡರು ಇವತ್ತು ಎಷ್ಟು ಜನಕ್ಕೆ ಬೈದ್ರು?" ಮದುವೆಯಾದಾಗಿನಿಂದ ನನ್ನನ್ನು ಇಷ್ಟು ಮೆತ್ತಗೆ ಮಾತಾಡಿಸಿದ್ದು ನೆನಪಿಲ್ಲ.

ನಿನ್ನೆ ಮನೆಯಿಂದ ಯೂನಿಯನ್ ಆಫೀಸಿಗೆ ನಾವಿಬ್ಬರೇ ಹೋದೆವು. ಪಂಕ್ಚರ್ ಅಂಗಡಿಯ ರಬ್ಬರ್ ವಾಸನೆ, ಔಷಧಿ ಅಂಗಡಿಯ ಫ್ರಿಜ್ಜಿನ ಗುಂಯ್‌ಗುಡುವ ಸದ್ದು, ಆಮೇಲೆ ತಿರುವು, ಮೆಟ್ಟಿಲು. ಯಾರೂ ನನ್ನ ಮೈ ಮುಟ್ಟಲಿಲ್ಲ. ನಿಮಗೆ ಇದು ದೊಡ್ಡದಲ್ಲ ಅನ್ನಿಸಬಹುದು. ಕಣ್ಣು ಹೋದ ಮೇಲೆ ನಾನು ಮನುಷ್ಯಳಾಗಿರಲಿಲ್ಲ ಮೇಷ್ಟ್ರೇ, ಸಾಮಾನಾಗಿದ್ದೆ. ಒಬ್ಬರು ಮೊಣಕೈ ಹಿಡಿದು ತಂದು ವೇದಿಕೆ ಮೇಲೆ ಇಡುತ್ತಿದ್ದರು. ಭಾಷಣ ಮುಗಿದ ಮೇಲೆ ಇನ್ನೊಬ್ಬರು ಬಂದು ಎತ್ತಿಕೊಂಡು ಹೋಗುವ ತನಕ ಅಲ್ಲೇ ನಿಂತಿರುತ್ತಿದ್ದೆ. ನಮ್ಮ ಸೆಕ್ರೆಟರಿ ಜೇನು ಸವರಿದ ದನಿಯಲ್ಲಿ ಹೇಳುತ್ತಾನೆ, "ಅಕ್ಕಾ, ನೀವು ಗೌರವಾಧ್ಯಕ್ಷರಾಗಿ ಇದ್ಬಿಡಿ, ಓಡಾಟ ನಮಗಿರಲಿ." ಗೌರವ ಎಂದರೆ ಅಟ್ಟ. ಎಸೆಯಲು ಮನಸ್ಸು ಬಾರದ ಪಾತ್ರೆಯನ್ನು ಜನ ಅಲ್ಲಿಗೆ ಹಾಕುತ್ತಾರೆ.

ತಿಂಗಳ ಕೊನೆಗೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟಿನಲ್ಲಿ ಸಭೆ ಇದೆ. ಒಳಗೆ ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗಬೇಕಾದರೆ ಸೂಪರ್‌ವೈಸರ್ ಹತ್ತಿರ ಟೋಕನ್ ಕೇಳಿ ಪಡೆಯಬೇಕಂತೆ. ಅದರ ವಿರುದ್ಧ. ಅದಾದ ಮೇಲೆ ಯೂನಿಯನ್ ಚುನಾವಣೆ. ಅವತ್ತು ಗೇಟಿನ ತನಕ ನಾನು ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗುತ್ತೇನೆ. ಎಲ್ಲರೂ ನೋಡಬೇಕು.

ಒಂದೇ ದೂರು. ಕೆಲವು ಕಡೆ "ಮುಂದೆ" ಎಂದರೂ ಬುಗುರಿ ಕದಲುವುದಿಲ್ಲ. ಹಿಂದಿನವರು ಕಿಸಕ್ಕೆಂದು ನಗುತ್ತಾರೆ. ನಾನು ಕಂಬದ ಹಾಗೆ ಎಷ್ಟು ಹೊತ್ತು ನಿಲ್ಲಬೇಕು?

ಫೋನ್ ಮಾಡುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಫೋನಿಗೆ ನಾಲ್ಕು ಕಿವಿ. ಬ್ರೈಲ್ ಆದರೆ ಯಾರಿಗೂ ಓದಲು ಬರುವುದಿಲ್ಲ. ನೀವೂ ಚುಚ್ಚಿಯೇ ಬರೆಯಿರಿ.

ಮೈಕಕ್ಕ


ಜೂನ್ ೧೩

ಅಕ್ಕನವರಿಗೆ,

ನಿಮ್ಮ ಕಾಗದವನ್ನು ಬೆರಳಲ್ಲಿ ಓದಲು ಹೋಗಿ ಸೋತು, ಕೊನೆಗೆ ಕಣ್ಣಲ್ಲೇ ಓದಿದೆ. ನಗಬೇಡಿ.

ಬುಗುರಿ ಕದಲದೆ ನಿಲ್ಲುವುದು ಹಟವಲ್ಲ. ನಾವು ಕಲಿಸುವುದರಲ್ಲೆಲ್ಲ ಕಷ್ಟದ ಪಾಠ ಅದು. ಕೂರು, ಏಳು, ನಡೆ ಎಂಬುದನ್ನು ಬೀದಿಯ ನಾಯಿಗೂ ಕಲಿಸಬಹುದು. ಹೇಳಿದ್ದನ್ನು ಮಾಡಬಾರದ ಹೊತ್ತು ಯಾವುದು ಎಂದು ಕಲಿಸುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಲ್ಲಿ ನಾವು ಅದನ್ನು 'ಒಲ್ಲೆ ಪಾಠ' ಎನ್ನುತ್ತೇವೆ. ಮುಂದೆ ಗುಂಡಿ ಇದೆ, ಗಾಡಿ ಬರುತ್ತಿದೆ, ಎದೆ ಮಟ್ಟಕ್ಕೆ ಹಗ್ಗ ಕಟ್ಟಿದೆ. ಕಾಣದವರು "ಮುಂದೆ" ಎನ್ನುತ್ತಾರೆ. ನಾಯಿ ಒಲ್ಲೆ ಎನ್ನಬೇಕು.

ನಿಂತಾಗ ಎಳೆಯಬೇಡಿ. ಕಾಲು ಚಾಚಿ ನೋಡಿ, ಕೈ ಚಾಚಿ ನೋಡಿ. ಏನೂ ಸಿಗದಿದ್ದರೂ ಬೆನ್ನು ತಟ್ಟಿ. ಬುಗುರಿಗೆ ಈ ಪಾಠ ಹೇಳಿಕೊಟ್ಟವಳು ನಮ್ಮ ಕಿರಿಯ ತರಬೇತುದಾರಳು. ನಾಯಿಗಳನ್ನು ಬಾಯಿ ಶಿಳ್ಳೆಯಲ್ಲೇ ಕರೆಯುವ ಆ ಹುಡುಗಿಯನ್ನು ಇಲ್ಲಿ ಎಲ್ಲರೂ ಶಿಳ್ಳೆ ಎಂದೇ ಕರೆಯುವುದು. ನಿಮ್ಮೊಡನೆಯೂ ಎರಡು ದಿನ ನಡೆದಿದ್ದಳು. ಅವಳದು ಬಾಯಿ ಜೋರು, ಕೆಲಸ ಅಚ್ಚುಕಟ್ಟು.

ನಿಮಗೆ ಒಲ್ಲೆ ಎನ್ನುವುದರ ಬೆಲೆ ನಾನು ಹೇಳಿಕೊಡಬೇಕೇ? ನಮ್ಮಮ್ಮ ಹೊಲಿಗೆ ಮೆಷಿನ್ನಿನವಳು. ಮೈಕಿಲ್ಲದೆ ನೀವು ಗೇಟಿನ ಮುಂದೆ ಕೂಗಿದ್ದನ್ನು ನಾನು ಅವಳ ಹೆಗಲ ಮೇಲೆ ಕೂತು ಕೇಳಿದ್ದೇನೆ. "ಆಗಲ್ಲ ಅನ್ನೋಕೆ ಕಲೀರಿ, ಉಳಿದಿದ್ದು ತಾನಾಗೇ ಬರತ್ತೆ" ಅಂದಿರಿ. ಆ ಮಾತು ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದಿದೆ.

ಸಭೆ ಹೇಗಾಯಿತು, ಬರೆಯಿರಿ.

ಮೇಷ್ಟ್ರು


ಜುಲೈ ೨

ಮೇಷ್ಟ್ರೇ,

ಸಭೆ ಆಯಿತು. ತುಟಿಗೆ ಹೊಲಿಗೆ ಬಿದ್ದಿದೆ, ಪಕ್ಕೆಲುಬು ಊದಿದೆ. ಮುರಿದಿಲ್ಲವಂತೆ.

ಫ್ಯಾಕ್ಟರಿಯವರು ಗೇಟಿನ ಮುಂದೆ ಎದೆ ಮಟ್ಟಕ್ಕೆ ಕಬ್ಬಿಣದ ಸರಪಳಿ ಕಟ್ಟಿದ್ದರು. ನಿಮ್ಮ ನಾಯಿ ಅದರ ಅಡಿಯಲ್ಲಿ ನುಸುಳಿ ಹೋಯಿತು. ನಾನು ಎದೆ ಕೊಟ್ಟೆ, ಮುಖ ಕೊಟ್ಟೆ. ಅಷ್ಟು ಜನರ ಮುಂದೆ, ಸೆಕ್ರೆಟರಿಯ ಕಾಲ ಬುಡದಲ್ಲಿ, ಮಂಡಿಯೂರಿ ಬಿದ್ದೆ. ಎದ್ದು ಮೈಕು ಹಿಡಿದು, "ನಾಯಿ ಹೊಸಬಳು, ಇನ್ನೂ ಪ್ರೊಬೇಷನ್ನಲ್ಲಿದ್ದಾಳೆ, ಮನ್ನಿಸಿ" ಎಂದೆ. ಜನ ನಕ್ಕರು. ಸಭೆ ಉಳಿಯಿತು.

ಎದೆ ಮಟ್ಟದ ಅಡ್ಡಿ ಬಂದರೆ ನಿಲ್ಲುತ್ತದೆ ಎಂದು ಬರೆದಿದ್ದಿರಲ್ಲ, ಅದನ್ನು ಕಲಿಸಿದವರು ಯಾರೋ ಸರಿಯಾಗಿ ಕಲಿಸಿಲ್ಲ. ಇಷ್ಟೇ ಹೇಳಬೇಕಿತ್ತು.

ಮೈಕಕ್ಕ


ಜುಲೈ ೧೦

ಅಕ್ಕನವರಿಗೆ,

ಯಾವ ಮುಖ ಹೊತ್ತು ಬರೆಯಲಿ. ನಾಯಿಯನ್ನು ನಂಬಿ ಎಂದು ಹೇಳಿ ಕೊಟ್ಟವನು ನಾನು.

ನಿಮ್ಮ ಕಾಗದವನ್ನು ನಮ್ಮ ನಿರ್ದೇಶಕರ ಮುಂದೆ, ಎಲ್ಲರೂ ಕೂತಿದ್ದಾಗ ಓದಿದೆ. ಶಿಳ್ಳೆ ವಾದಕ್ಕೆ ಇಳಿದಳು.

"ಬುಗುರಿ ನಿಂತಿರ್ತಾಳೆ ಸಾರ್. ಸರಪಳಿ ಪಾಠ ನಾನೇ ಮಾಡಿಸಿದ್ದು. ಅವರನ್ನ ಇನ್ನೊಂದ್ಸಲ ಕೇಳಿ."

"ಏನಂತ ಕೇಳ್ಬೇಕು? ಅವರು ಯಾರು ಅಂತ ಗೊತ್ತಾ ನಿನಗೆ?" ಎಂದೆ.

"ಗೊತ್ತು. ಬಿದ್ದೋರು. ಬಿದ್ದೋರಿಗೆ ಏನಾಯ್ತು ಅಂತ ನೆಟ್ಟಗೆ ನೆನಪಿರಲ್ಲ ಸಾರ್."

ಆ ಉದ್ಧಟತನ ನನಗೆ ತಡೆಯಲಾಗಲಿಲ್ಲ. ಅವಳನ್ನು ತರಬೇತಿಯಿಂದ ತೆಗೆದು ನಾಯಿಗಳ ಗೂಡು ತೊಳೆಯುವ ಕೆಲಸಕ್ಕೆ ಹಾಕಿದ್ದೇನೆ. ಯಾವ ನಾಯಿಯ ಹಗ್ಗವನ್ನೂ ಅವಳು ಸದ್ಯ ಮುಟ್ಟುವಂತಿಲ್ಲ. 'ತರಬೇತಿಗೆ ತಕ್ಕವಳಲ್ಲ' ಎಂದು ಬರೆದುಕೊಟ್ಟವನೂ ನಾನೇ. ನಿಮಗೆ ಆದ ನೋವಿಗೆ ಇದು ಸಮ ಅಲ್ಲ, ಗೊತ್ತು.

ನಾನು ಬಂದು ಬುಗುರಿಯ ಜೊತೆ ನಾಲ್ಕು ದಿನ ನಡೆಯಲೇ? ಯಾವತ್ತು ಬರಲಿ ಹೇಳಿ.

ಮೇಷ್ಟ್ರು


ಜುಲೈ ೧೯

ಮೇಷ್ಟ್ರಿಗೆ,

ಬರುವ ಶ್ರಮ ತೆಗೆದುಕೊಳ್ಳಬೇಡಿ. ಎಲ್ಲ ಸರಿಹೋಗಿದೆ. ಬುಗುರಿ ಈಗ ಎಲ್ಲೂ ಮೊಂಡು ಹಿಡಿಯುವುದಿಲ್ಲ. "ಮುಂದೆ" ಎಂದ ತಕ್ಷಣ ಹೊರಡುತ್ತಾಳೆ. ಮೊದಲಿನ ಹಾಗೆ ಬಾಲ ಬೀಸಿ ನನ್ನ ಕಾಲಿಗೆ ಬಡಿಯುವುದಿಲ್ಲ, ಗಂಭೀರವಾಗಿದ್ದಾಳೆ. ಬೆಳಿಗ್ಗೆ ಅವಳ ಮೈಗೆ ಕಟ್ಟುವ ಸರಂಜಾಮಿನ ಬಕಲ್ಲಿನ ಸದ್ದು ಕೇಳಿದರೆ ಮಂಚದ ಅಡಿಗೆ ಹೋಗುತ್ತಾಳೆ. ನಮ್ಮ ಯಜಮಾನರು, "ಸ್ಕೂಲಿಗೆ ಹೋಗೋ ಮಗು ಥರ ಆಡ್ತಾಳೆ" ಎಂದು ಅವಳನ್ನು ಎಳೆದು ತರುತ್ತಾರೆ. ಹೊರಗೆ ಬಂದ ಮೇಲೆ ತೊಂದರೆಯಿಲ್ಲ.

ಆ ಹುಡುಗಿಯ ವಿಷಯ ಬರೆದಿದ್ದಿರಿ. ಅದು ನಿಮ್ಮ ಆಡಳಿತಕ್ಕೆ ಸೇರಿದ್ದು. ನಾನು ಹೊರಗಿನವಳು, ಅದರಲ್ಲಿ ತಲೆ ಹಾಕುವುದು ಸರಿಯಲ್ಲ. ಆದರೂ ಗೂಡು ತೊಳೆಯುವುದು ಸ್ವಲ್ಪ ಹೆಚ್ಚಾಯಿತೇನೋ. ಅವಳಿಗೆ ಸಂಬಳವೇನೂ ಕಡಿಮೆಯಾಗಿಲ್ಲ ತಾನೇ?

ಇಲ್ಲಿ ಚುನಾವಣೆಯ ಗಡಿಬಿಡಿ. ಕಾಗದ ತಡವಾದರೆ ಬೇಸರ ಬೇಡ.

ಮೈಕಕ್ಕ


ಆಗಸ್ಟ್ ೩

ಅಕ್ಕನವರಿಗೆ,

ಎರಡು ಪ್ರಶ್ನೆ. ಉತ್ತರ ಬರೆದರೆ ಉಪಕಾರ.

ನೀವು "ಮುಂದೆ" ಎನ್ನುವ ಮುಂಚೆ, ಬಾಯಿ ತೆರೆಯುವಷ್ಟರಲ್ಲೇ, ಬುಗುರಿಯ ಬೆನ್ನು ತಗ್ಗುತ್ತದೆಯೇ? ಸರಂಜಾಮಿನ ಹಿಡಿಯಲ್ಲಿ ನಿಮಗೆ ತಿಳಿಯುತ್ತದೆ. ನಿಮ್ಮ ಬಲಗೈ ಮೇಲೆದ್ದರೆ, ಸುಮ್ಮನೆ ತಲೆಗೂದಲು ಸರಿಮಾಡಿಕೊಳ್ಳಲು ಎದ್ದರೂ, ಅವಳು ಪಕ್ಕಕ್ಕೆ ಸರಿಯುತ್ತಾಳೆಯೇ?

ಸಂಬಳ ಕಡಿಮೆಯಾಗಿಲ್ಲ.

ಮೇಷ್ಟ್ರು


ಆಗಸ್ಟ್ ೨೧

ನೀವು ಬಂದಿದ್ದಿರಿ.

ಕಳೆದ ತಿಂಗಳ ಕೊನೆಯಲ್ಲಿ, ನಮ್ಮ ಬೀದಿಗೆ. ಸುಳ್ಳು ಬರೆಯಬೇಡಿ. ಔಷಧಿ ಅಂಗಡಿ ದಾಟಿದ ಮೇಲೆ ಬುಗುರಿ ಎಡಕ್ಕೆ ಜಗ್ಗಿದಳು. ವಾರಗಟ್ಟಲೆ ಸತ್ತಂತಿದ್ದ ಬಾಲ ನನ್ನ ಮೊಣಕಾಲಿಗೆ ಪಟಪಟ ಬಡಿಯಿತು. ಗಂಟಲಲ್ಲಿ ಕುಂಯ್‌ಗುಟ್ಟಿದಳು. ಕೇಂದ್ರದಲ್ಲಿ ಬೆಳಿಗ್ಗೆ ನೀವು ಬಾಗಿಲು ತೆಗೆದಾಗ ಮಾಡುತ್ತಿದ್ದಳಲ್ಲ, ಅದೇ ದನಿ. ಆಗ ಯಾವುದೋ ತಿಂಡಿಯ ವಾಸನೆ ಇರಬೇಕು ಎಂದುಕೊಂಡೆ. ನಿಮ್ಮ ಎರಡು ಪ್ರಶ್ನೆ ಬಂದ ಮೇಲೆ ಗೊತ್ತಾಯಿತು. ಕಣ್ಣಲ್ಲಿ ನೋಡದವರು ಆ ಪ್ರಶ್ನೆ ಕೇಳಲು ಸಾಧ್ಯವಿಲ್ಲ.

ಹೊಸಬರ ಹಿಂದೆ ಸದ್ದಿಲ್ಲದೆ ನಡೆದು ನೋಡುವುದು ನಿಮ್ಮ ಕಸುಬಿನ ರೂಢಿ ಇರಬಹುದು. ನಾನು ಬರಬೇಡಿ ಎಂದು ಬರೆದಿದ್ದೆ. ಕುರುಡಿ ಬೇಡ ಎಂದರೆ ಅದು ಬೇಡವಲ್ಲವೇ? ಫ್ಯಾಕ್ಟರಿಯವರು ಕ್ಯಾಮೆರಾ ಇಟ್ಟು ಹೆಣ್ಣುಮಕ್ಕಳನ್ನು ನೋಡುತ್ತಾರೆಂದು ನಾನು ಬೀದಿಯಲ್ಲಿ ಗಂಟಲು ಹರಿದುಕೊಂಡೆ. ಈಗ ನನ್ನನ್ನು ಕದ್ದು ನೋಡಿದವನು ನನ್ನ ಭಾಷಣವನ್ನು ಅಮ್ಮನ ಹೆಗಲ ಮೇಲೆ ಕೂತು ಕೇಳಿದವನು. ಚೆನ್ನಾಗಿ ಕೇಳಿಸಿಕೊಂಡಿದ್ದೀರಿ.

ಏನು ನೋಡಿದಿರಿ? ನೋಡಿದ್ದನ್ನು ಬಾಯಿಬಿಟ್ಟು ಹೇಳುವ ಗಂಡಸುತನ ಇಲ್ಲದೆ ಪ್ರಶ್ನೆಪತ್ರಿಕೆ ಕಳಿಸಿದ್ದೀರಿ. ಬರೆಯಿರಿ. ಪೂರ್ತಿ ಬರೆಯಿರಿ.


ಆಗಸ್ಟ್ ೩೦

ಅಕ್ಕನವರಿಗೆ,

ಪೂರ್ತಿ ಬರೆಯುತ್ತೇನೆ. ನೀವು ಬರೆಯದೆ ಬಿಟ್ಟದ್ದೂ ಇದರಲ್ಲಿದೆ.

ಔಷಧಿ ಅಂಗಡಿಯ ಪಕ್ಕದ ಗೋದಾಮಿನಿಂದ ಬ್ಯಾಟರಿ ಗಾಡಿಯೊಂದು ಹಿಮ್ಮುಖವಾಗಿ ಬರುತ್ತಿತ್ತು. ಸದ್ದೇ ಇಲ್ಲದ್ದು. ಬುಗುರಿ ಕಂಡಳು. ಕಿವಿ ಅತ್ತ ತಿರುಗಿತು, ಮುಂಗಾಲು ಎತ್ತಿದ್ದು ಹಾಗೇ ನಿಂತಿತು. ನೀವು "ಮುಂದೆ" ಎಂದಿರಿ. ಅವಳು ಬೆನ್ನು ತಗ್ಗಿಸಿ, ಗಾಡಿಯನ್ನು ನೋಡುತ್ತಲೇ, ಅದರತ್ತ ನಡೆದಳು. ಅಂಗಡಿಯವನು ಹಾರಿ ಬಂದು ನಿಮ್ಮ ಹೆಗಲು ಹಿಡಿದೆಳೆದ. "ಕೈ ತೆಗಿ, ನನಗೆ ನಾಯಿ ಇದೆ" ಎಂದು ನೀವು ಬೈದಿರಿ. "ನಾಯಿ ಇದ್ರೇನಕ್ಕಾ, ಗಾಡಿನೂ ಇದೆ" ಎಂದ ಅವನು.

ಅಷ್ಟು ಹೊತ್ತೂ ನಾನು ಕರೆಂಟ್ ಪೆಟ್ಟಿಗೆಯ ಹಿಂದಿದ್ದೆ. ನನ್ನ ಬಾಯಿಂದ ಸದ್ದು ಹೊರಡಲಿಲ್ಲ. ಕೂಗಿದರೆ ನಾನು ಬಂದದ್ದು ಗೊತ್ತಾಗಿಬಿಡುತ್ತದೆ ಎಂಬ ಯೋಚನೆ ಮೊದಲು ಬಂತು. ಗಾಡಿಯ ಯೋಚನೆ ಆಮೇಲೆ ಬಂತು. ಇದನ್ನು ಯಾರಿಗೂ ಹೇಳಿಲ್ಲ. ಹೇಳುವಂಥದ್ದೂ ಅಲ್ಲ.

ನಿಲ್ಲಲು ಕಲಿಯದ ನಾಯಿ ಗಾಡಿಯನ್ನು ನೋಡುವುದೇ ಇಲ್ಲ. ನೋಡಿ, ನಿಂತು, ಆಮೇಲೂ ನಡೆಯುವುದು ನಿಂತದ್ದಕ್ಕೆ ಪೆಟ್ಟು ತಿಂದ ನಾಯಿ. ಶಿಳ್ಳೆಯ ಪಾಠ ಸರಿಯಾಗಿಯೇ ಇತ್ತು ಎಂದು ಅವತ್ತು ವಾಪಸ್ ಬರುವ ಬಸ್ಸಿನಲ್ಲೇ ನನಗೆ ಗೊತ್ತಾಯಿತು. ಆದರೂ ಅವಳು ಗೂಡು ತೊಳೆಯುತ್ತಲೇ ಇದ್ದಳು. ಮತ್ತೆ ಕರೆದರೆ ಯಾಕೆ ಎಂದು ನಿರ್ದೇಶಕರು ಕೇಳುತ್ತಾರೆ. ಕೇಳದೆ ಶಿಕ್ಷೆ ಕೊಟ್ಟೆ ಎನ್ನಬೇಕು. ನಿಮ್ಮ ಹೆಸರೂ ಬರುತ್ತದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ನಿಮಗೆ ಪ್ರಶ್ನೆ ಕಳಿಸಿದ್ದು ಯಾಕೆ ಗೊತ್ತೇ? ನೀವೇ ಹೇಳಿಬಿಟ್ಟರೆ ನಾನು ಹೇಳುವುದು ತಪ್ಪುತ್ತದೆ ಎಂದು.

ಈಗ ಶಿಳ್ಳೆ ಕೆಲಸಕ್ಕೆ ಬರುತ್ತಿಲ್ಲ. ಪಶು ಆಸ್ಪತ್ರೆಯೊಂದರಲ್ಲಿ ಕೆಲಸ ಕೇಳಿದ್ದಳಂತೆ. ಅವರು ನಮ್ಮ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿದ್ದಾರೆ, ಇಲ್ಲಿಂದ ನಾನು ಬರೆದದ್ದನ್ನೇ ಓದಿ ಹೇಳಿದ್ದಾರೆ. ಸೇರಿಸಿಕೊಳ್ಳಲಿಲ್ಲ. ಅವಳ ಮನೆಗೆ ಹೋದೆ. ಅವಳ ತಾಯಿ ಬಾಗಿಲಲ್ಲೇ ನಿಂತು, "ನನ್ನ ಮಗಳಿಗೆ ನಾಯಿ ಕೆಲಸ ಬರಲ್ಲ ಅಂತ ಬರ್ಕೊಟ್ಟೋರು ನೀವೇ ಅಲ್ವಾ ಸಾರ್? ಮತ್ಯಾಕೆ ಬಂದ್ರಿ, ಇನ್ನೇನಾದ್ರೂ ಬರೆಯೋದು ಉಳಿದಿತ್ತಾ?" ಎಂದರು. ನೀರು ಕೊಟ್ಟರು. ಕುಡಿದು ಬಂದೆ.

ಮೇಷ್ಟ್ರು


ಸೆಪ್ಟೆಂಬರ್ ೧೫

ಮೇಷ್ಟ್ರೇ,

ಬುಗುರಿ ನಿಂತಿದ್ದಳು.

ಗೇಟಿನ ಹತ್ತಿರ ಬಂದಾಗ ಸದ್ದಡಗಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂದು ಮೈಗೆ ಗೊತ್ತಾಗುತ್ತಿತ್ತು. ಬುಗುರಿ ನಿಂತಳು. "ಮುಂದೆ" ಎಂದೆ. ನಿಂತೇ ಇದ್ದಳು. ಗುಂಪಿನಲ್ಲಿ ಯಾವನೋ, "ಲೀಡರ್ ಮಾತು ನಾಯೀನೂ ಕೇಳಲ್ಲ ಕಣ್ರೋ" ಎಂದ. ಸೆಕ್ರೆಟರಿ ಮೆಲ್ಲಗೆ ನಕ್ಕದ್ದು ಕೇಳಿಸಿತು. ನನಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಕೈ ಚಾಚಿದ್ದರೆ ಸರಪಳಿ ಬೆರಳಿಗೆ ಸಿಗುತ್ತಿತ್ತು. ನೀವು ಬರೆದದ್ದು ನೆನಪಿತ್ತು. ಆದರೆ ಅಷ್ಟು ಜನರೆದುರು ಗಾಳಿಯಲ್ಲಿ ಕೈ ಆಡಿಸಿದರೆ ಕುರುಡಿಯ ಹಾಗೆ ಕಾಣುತ್ತೇನಲ್ಲ. ಅದಕ್ಕೆ ಕೈ ಚಾಚಲಿಲ್ಲ. ಹಗ್ಗ ಜಗ್ಗಿದೆ, ಅವಳ ಕತ್ತು ಹೊರಳುವಷ್ಟು. ಆಗಲೂ ಅವಳು ನಿಂತಿದ್ದಳು. ನನ್ನ ಕೈಯಲ್ಲಿದ್ದ ಹಗ್ಗದ ತುದಿಯ ಕಬ್ಬಿಣದ ಕೊಂಡಿಯಿಂದ ಮೂತಿಗೆ ಬಾರಿಸಿದೆ. ಕಂಯ್ ಎಂದಳು. "ಮುಂದೆ" ಎಂದೆ. ಹೋದಳು.

ಸರಪಳಿ ಇತ್ತೆಂದು, ಅವಳು ನಿಂತದ್ದು ಅದಕ್ಕೇ ಎಂದು, ಬಿದ್ದ ಕ್ಷಣದಲ್ಲೇ ನನಗೆ ಗೊತ್ತಾಯಿತು. ಗೊತ್ತಾದ ಮೇಲೇ ಮೈಕು ಹಿಡಿದು ಅವಳ ಮೇಲೆ ಹಾಕಿದೆ. ಶಿಪ್‌ಮೆಂಟ್ ತಡವಾದರೆ ಸೂಪರ್‌ವೈಸರ್ ಸಾಲಿನ ಕೊನೆಯ ಹುಡುಗಿಯ ಕಡೆ ಬೆರಳು ಮಾಡುತ್ತಾನೆ. ಆ ಬೆರಳನ್ನು ಮುರಿಯಬೇಕು ಎಂದು ಜೀವಮಾನವಿಡೀ ಕೂಗಿದವಳು ನಾನು. ನನ್ನ ಕೈಗೂ ಅದೇ ಬೆರಳು ಇದೆ. ಮಾತಾಡಲು ಬಾರದ ನಾಯಿಯ ಕಡೆ ಮಾಡಿದೆ. ಅದು ಸಾಲದೆ, ನನ್ನೊಡನೆ ಎರಡು ದಿನ ನಡೆದ ಹುಡುಗಿಯ ಕಡೆ ಮಾಡಿದೆ. "ಅದು ನಿಮ್ಮ ಆಡಳಿತದ ವಿಷಯ" ಎಂದು ಬರೆದದ್ದು ನೆನಪಾದರೆ ಕಾಗದ ಚುಚ್ಚುವ ಈ ಕಡ್ಡಿಯನ್ನು ಎಲ್ಲಿ ಚುಚ್ಚಿಕೊಳ್ಳಲಿ ಎನ್ನಿಸುತ್ತದೆ. ಮ್ಯಾನೇಜರುಗಳ ಬಾಯಲ್ಲಿ ಎಷ್ಟು ಸಲ ಕೇಳಿದ ಮಾತು ಅದು.

ನಿನ್ನೆ ಗೇಟಿನ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಸೆಕ್ರೆಟರಿ ಮೈಕಿಗೆ ಕೈ ಅಡ್ಡ ಹಿಡಿದು, "ಒಂದು ನಾಯಿ ವಿಷ್ಯಕ್ಕೆ ಇಷ್ಟೆಲ್ಲಾ ಯಾಕಕ್ಕಾ, ಟೋಕನ್ ವಿಷ್ಯ ಮಾತಾಡಿ" ಎಂದ. ಅವನ ಕೈ ತೆಗೆದು ಮುಗಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಇಳಿದು ಬರುವಾಗ ಹಳೆಯ ಕೆಲಸಗಾರ್ತಿಯೊಬ್ಬಳು ಕಿವಿಯ ಹತ್ತಿರ ಬಂದು ಕೇಳಿದಳು, "ಅಕ್ಕಾ, ಆ ಹುಡುಗಿ ಕೆಲಸ ಹೋಗಿ ಎಷ್ಟು ದಿನ ಆಯ್ತು? ಅಲ್ಲೀ ತನಕ ನೀವು ಯಾರ ಜೊತೆ ಇದ್ರಿ?"

ಚುನಾವಣೆಗೆ ಹೆಸರು ಕೊಟ್ಟಿಲ್ಲ. ತ್ಯಾಗ ಎಂದು ತಿಳಿಯಬೇಡಿ. ಕೊಟ್ಟರೆ ಗೆಲ್ಲುವುದಿಲ್ಲ.

ನಿಮ್ಮ ನಿರ್ದೇಶಕರಿಗೆ ಬೇರೆ ಕಾಗದ ಬರೆಸಿ ಇದರ ಜೊತೆಗಿಟ್ಟಿದ್ದೇನೆ. ನಮ್ಮ ಯಜಮಾನರ ಕೈಯಲ್ಲಿ ಬರೆಸಿದೆ, ಎಲ್ಲರೂ ಓದಲು ಬರಲಿ ಎಂದು. ಬರೆಯುತ್ತಾ ಬರೆಯುತ್ತಾ ಅವರು ನಿಲ್ಲಿಸಿ, "ಕೊಂಡಿಯಿಂದಾನಾ?" ಎಂದು ಕೇಳಿದರು. ಹೌದು ಎಂದೆ. ಈಗ ಬುಗುರಿಯ ಹಾಸಿಗೆ ಅವರ ಮಂಚದ ಪಕ್ಕಕ್ಕೆ ಹೋಗಿದೆ.

ನೀವೂ ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ ನಿಮ್ಮದನ್ನು ಓದಬೇಕು. ನನ್ನದನ್ನು ಮಾತ್ರ ಓದಿ ಕೈ ತೊಳೆದುಕೊಳ್ಳಬೇಡಿ. ಬುಗುರಿಯನ್ನು ಕರೆದುಕೊಂಡು ಹೋಗಿ. ನಾನು ಕೋಲು ಹಿಡಿದಿದ್ದೇನೆ.


ಸೆಪ್ಟೆಂಬರ್ ೨೪

ಅಕ್ಕಾ,

ಓದಿದೆ. ಎರಡನ್ನೂ. ಕರೆಂಟ್ ಪೆಟ್ಟಿಗೆಯ ಹಿಂದೆ ನಿಂತದ್ದನ್ನು ಓದುವಾಗ ನಿರ್ದೇಶಕರು "ಸಾಕು, ಕೂತ್ಕೊಳ್ಳಿ" ಎಂದರು. ಕೂರದೆ ಓದಿದೆ.

ನಾನು ಬರೆದುಕೊಟ್ಟಿದ್ದನ್ನು ರದ್ದು ಮಾಡಿದ್ದಾರೆ. ಶಿಳ್ಳೆಯನ್ನು ಕರೆಸಿದರು. ಅವಳು ಬಂದಳು. ನನ್ನ ಜೊತೆ ಮಾತಾಡುವುದಿಲ್ಲ. ಏನಾದರೂ ಹೇಳಬೇಕಿದ್ದರೆ ನಾಯಿಗೆ ಹೇಳುತ್ತಾಳೆ, ನನಗೆ ಕೇಳಿಸುವ ಹಾಗೆ. "ಮುಖ್ಯ ತರಬೇತುದಾರರಿಗೆ ದಾರಿ ಬಿಡಮ್ಮಾ, ಅವರು ಕಾಗದ ಓದೋಕೆ ಹೋಗ್ತಿದ್ದಾರೆ."

ಬುಗುರಿಯನ್ನು ಕರೆತರಲು ತಾನೇ ಹೋಗುತ್ತೇನೆಂದು ಪಟ್ಟು ಹಿಡಿದಿದ್ದಾಳೆ. ನಿಮಗೆ ಏನಾದರೂ ಅಂದಾಳು. ತಡೆಯುವ ಹಕ್ಕು ನನಗಿಲ್ಲ.

ಮೇಷ್ಟ್ರು


ಅಕ್ಟೋಬರ್ ೬

ಮೇಷ್ಟ್ರೇ,

ಬುಗುರಿ ಹೋದಳು. ಹೇಗೆ ಹೋದಳು ಎಂದು ನಿಮಗೆ ತಿಳಿಯಬೇಕು. ಆ ಹುಡುಗಿ ನಿಮಗೆ ಹೇಳುವುದಿಲ್ಲ.

ಬೀದಿಯ ತುದಿಯಲ್ಲಿ ಶಿಳ್ಳೆ ಕೇಳಿದ್ದೇ ತಡ ಬುಗುರಿ ಮಂಚದ ಅಡಿಯಿಂದ ನೆಗೆದಳು. ಬಾಗಿಲಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದ ಸದ್ದು. ಹುಡುಗಿ ಅವಳ ಮೂತಿಯನ್ನು ತಡವಿ ನೋಡುತ್ತಿದ್ದಾಳೆಂದು ಉಸಿರಲ್ಲೇ ಗೊತ್ತಾಯಿತು. ಬಹಳ ಹೊತ್ತು ನೋಡಿದಳು. ನಮ್ಮ ಯಜಮಾನರು "ಟೀ ಮಾಡ್ಲಾಮ್ಮಾ?" ಎಂದರು. "ಬೇಡ. ಇವಳ ಬಟ್ಟಲು, ಬ್ರಷ್ಷು ಕೊಡಿ." ನಾನು ಕೈ ಮುಗಿದು ಮಾತು ಶುರುಮಾಡಿದೆ. "ಭಾಷಣ ಬೇಡಮ್ಮಾ" ಎಂದಳು. "ನೀವು ಚೆನ್ನಾಗಿ ಮಾತಾಡ್ತೀರಂತೆ, ಎಲ್ರೂ ಹೇಳ್ತಾರೆ. ಅದಕ್ಕೇ ಬೇಡ."

ಬುಗುರಿಯನ್ನು ಯಜಮಾನರ ಕೈಗೆ ಕೊಟ್ಟು, ಸರಂಜಾಮು ತೆಗೆದುಕೊಂಡು ನನ್ನನ್ನು ಬೀದಿಗೆ ಕರೆದಳು. ಕೇಂದ್ರಕ್ಕೆ ಬಂದ ಮೊದಲ ದಿನ ನಾಯಿ ಕೊಡುವ ಮುಂಚೆ ನೀವು ಮಾಡಿಸುತ್ತೀರಲ್ಲ, ನೀವೇ ನಾಯಿಯಾಗಿ ಸರಂಜಾಮಿನ ಮುಂದಿನ ತುದಿ ಹಿಡಿದು, ನಮಗೆ ಹಿಡಿಯನ್ನು ಕೊಟ್ಟು ನಡೆಸುವುದು. ಅವಳು ಅದನ್ನು ತಿರುವಿಹಾಕಿದಳು. ಮುಂದಿನ ತುದಿಯನ್ನು ನನ್ನ ಎಡಗೈಗೆ ಕೊಟ್ಟು ಹಿಡಿಯನ್ನು ತಾನು ಹಿಡಿದಳು, ಹಗ್ಗವನ್ನು ಅದೇ ಮಣಿಕಟ್ಟಿಗೆ ಸುತ್ತಿದಳು. ಬಲಗೈಯಲ್ಲಿ ಕೋಲು ಇರಲಿ ಎಂದಳು. ತನ್ನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳಂತೆ, ಯಜಮಾನರು ಆಮೇಲೆ ಹೇಳಿದರು.

"ಈಗ ನೀವು ಬುಗುರಿ. ನನಗೆ ಏನೂ ಕಾಣಲ್ಲ. ನಿ‌ಲ್ಲೋದು ನಿಮ್ಮ ಕೆಲಸ."

"ಸರಿಯಮ್ಮಾ."

"ಬುಗುರಿ ಮಾತಾಡಲ್ಲ."

ನಡೆದೆವು. ಎದುರು ಮನೆಯ ಹೆಂಗಸರು ಬಟ್ಟೆ ಒಗೆಯುವ ಸದ್ದು ನಿಂತಿತು. ನಲ್ಲಿಯ ಹತ್ತಿರ ಯಾರೋ, "ಮೈಕಕ್ಕಂಗೆ ಏನಾಯ್ತ್ರೀ, ಆ ಹುಡುಗಿ ಹಗ್ಗ ಕಟ್ಟಿ ನಡೆಸ್ತಿದ್ದಾಳೆ" ಎಂದರು. ಬೀದಿ ತಿರುವಿನಲ್ಲಿ ಹೊಸ ಚರಂಡಿ ಅಗೆದಿದ್ದಾರೆ. ಇನ್ನೂ ನೀರು ಬಿಟ್ಟಿಲ್ಲ, ಮೊಣಕಾಲುದ್ದವೂ ಇಲ್ಲ. ಕೋಲಿನ ತುದಿ ಅದರ ಅಂಚನ್ನು ದಾಟಿ ಗಾಳಿಗೆ ಇಳಿಯಿತು. ನಿಂತೆ.

"ಮುಂದೆ" ಎಂದಳು.

ನಿಂತೇ ಇದ್ದೆ. ಹಗ್ಗ ಜಗ್ಗಿತು. ಮಣಿಕಟ್ಟಿನಿಂದ ಭುಜದ ತನಕ ಉರಿ ಹತ್ತಿಕೊಂಡಿತು. ಅವಳು ಮೆತ್ತಗೇನೂ ಜಗ್ಗಲಿಲ್ಲ ಮೇಷ್ಟ್ರೇ, ನಾನು ಜಗ್ಗಿದ ಹಾಗೇ ಜಗ್ಗಿದಳು. ನಲ್ಲಿಯ ಹತ್ತಿರ ನಗು ಕೇಳಿಸಿತು. ಚರಂಡಿ ಇದೆಯಮ್ಮಾ ಎನ್ನಲು ಬಾಯಿ ತೆರೆದೆ.

"ಮುಂದೆ" ಎಂದಳು.

ಬಾಯಿ ಮುಚ್ಚಿದೆ. ಕೋಲಿನಿಂದ ಇನ್ನೊಮ್ಮೆ ನೋಡಿದೆ, ಅನುಮಾನವೇ ಇರಲಿಲ್ಲ. ಮತ್ತೆ ಜಗ್ಗಿದಳು. ಜನ ಸೇರಿದ್ದರು. ಅವರೆಲ್ಲರ ನಡುವೆ ಹಗ್ಗ ಕಟ್ಟಿಸಿಕೊಂಡು ನಿಂತಿರುವುದು ಮುಗಿದರೆ ಸಾಕಿತ್ತು ನನಗೆ. ಇನ್ನೊಂದು ಸಲ ಜಗ್ಗುತ್ತಾಳೆ ಎಂದು ಭುಜಕ್ಕೆ ಮೊದಲೇ ಗೊತ್ತಾಯಿತು, ಬೆನ್ನು ತಾನಾಗಿಯೇ ತಗ್ಗಿತು.

"ಮುಂದೆ" ಎಂದಳು.

ಕಾಲಿಟ್ಟೆ.

ಇಬ್ಬರೂ ಬಿದ್ದೆವು. ಅವಳು ನನ್ನ ಮೇಲೆ. ಬುಗುರಿ ಯಜಮಾನರ ಕೈ ಕೊಸರಿಕೊಂಡು ಬಂದು ಅಂಚಿನಲ್ಲಿ ನಿಂತು ಬೊಗಳುತ್ತಿದ್ದಳು. ಹುಡುಗಿ ಕಣ್ಣಿನ ಬಟ್ಟೆ ಬಿಚ್ಚಿರಬೇಕು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ನನ್ನ ಮಣಿಕಟ್ಟಿನ ಹಗ್ಗ ಬಿಚ್ಚುತ್ತಾ, ನಿಜಕ್ಕೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಗುಂಡಿ ಅಂತ ಗೊತ್ತಿತ್ತಲ್ಲಾ. ಮತ್ಯಾಕೆ ಹೋದ್ರಿ?"

"ನೀನು ಎಳೆದ್ಯಲ್ಲಮ್ಮಾ" ಎಂದೆ.